ಕರಾವಳಿ ಕಾಲೇಜುಗಳನ್ನೂ ಸೇರಿಸ್ಕೊಳ್ಳಿ

ಸಂಪಾದಕರೇ,

ಮೊನ್ನೆ ಕಾರವಾರ ಬೀಚಲ್ಲಿ ಕೂತಾಗ ಡಿಗ್ರಿ ಓದೋ ನನ್ನ ತಂಗಿ ಮಗಳು ದೂರದಲ್ಲಿ ನಿಂತಿದ್ದ ಹಡಗು ತೋರಿಸಿ, "ಮಾವ, ಅದು ಯಾವ ದೇಶದ್ದು, ಇಲ್ಲಿಗ್ಯಾಕೆ ಬಂತು?" ಅಂತ ಕೇಳಿದ್ಲು. ಅಂತಾರಾಷ್ಟ್ರೀಯ ಅಧ್ಯಯನ ಅಂದ್ರೆ ಈ ಪ್ರಶ್ನೆನೇ ಅಲ್ವಾ? ಅಮೆರಿಕದಲ್ಲಿ 1959ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸ್ಟಡೀಸ್ ಅಸೋಸಿಯೇಶನ್, 1975ರಲ್ಲಿ ಹುಟ್ಟಿದ ಇದೇ ವಿಷಯದ ಬ್ರಿಟಿಷ್ ಸಂಘ, ಇಂಥ ವಿದ್ವಾಂಸರ ಸಂಘಗಳು ಕೈಜೋಡಿಸಿ ಜಂಟಿ ಗೋಷ್ಠಿ ಮಾಡ್ತವೆ, ಒಳ್ಳೇದು, ಆದ್ರೆ ಆ ಸ್ನೇಹ ದೊಡ್ಡ ಊರುಗಳಲ್ಲೇ ನಿಲ್ಲಬಾರದು. ನಮ್ಮ ಕರಾವಳಿಗೂ ಹೊರದೇಶಗಳ ನಂಟು ಹಳೇದು: ಇಂಗ್ಲಿಷರು 1638ರಲ್ಲೇ ಕಾರವಾರದಲ್ಲಿ ವ್ಯಾಪಾರದ ಕೋಠಿ ಹಾಕಿದ್ರು, ಘಟ್ಟದ ಮೇಲಿನ ಕಾಳುಮೆಣಸಿನ ಆಸೆಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿನ ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ರು, ಈಗ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ ಬೇರೆ ಇದೆ. ನಮ್ಮ ರಾಜ್ಯಶಾಸ್ತ್ರ, ಇತಿಹಾಸದ ಮೇಷ್ಟ್ರುಗಳ ಸಂಘಗಳು ಹೊರಗಿನ ಸಂಘಗಳ ಜೊತೆ ಒಪ್ಪಂದ ಮಾಡ್ಕೊಂಡು ವರ್ಷಕ್ಕೊಂದು ಗೋಷ್ಠಿನಾದ್ರೂ ಇಲ್ಲೇ ಕರಾವಳಿ ಕಾಲೇಜುಗಳಲ್ಲಿ, ಕನ್ನಡದಲ್ಲೂ ನಡೆಸ್ಲಿ.

- ಓದುಗ, ಕಾರವಾರ