ಯುದ್ಧಕ್ಕೆ ಹೇಳಿದ ಕಾರಣ ಯಾವುದು?

ಮಾನ್ಯರೇ,

ಅಮೆರಿಕ ಇರಾಕ್ ಮೇಲೆ ಯುದ್ಧಕ್ಕೆ ಹೋದದ್ದು ಎಣ್ಣೆಗಾಗಿಯೋ, ಇರಾಕ್ ಬಳಿ ಇವೆ ಎನ್ನಲಾದ ವಿಷಾನಿಲದಂಥ ಆಯುಧಗಳ ಭಯದಿಂದಲೋ ಎಂದು ಈ ಅಂಕಣದಲ್ಲಿ ಚರ್ಚೆ ನಡೆಯುತ್ತಿದೆ. ಯುದ್ಧ ಶುರುವಾದ 2003ರ ಮಾರ್ಚ್‌ನಲ್ಲಿ ನಾನು ಇರಾಕ್ ಪಕ್ಕದ ಕುವೈತ್‌ನಲ್ಲಿ ಲಾರಿ ಓಡಿಸುತ್ತಿದ್ದೆ. ಸೈರನ್ ಕೂಗಿದಾಗಲೆಲ್ಲ ನಾವು ಆರು ಜನ, ಕಿಟಕಿ ಸಂದಿಗೆಲ್ಲ ಟೇಪ್ ಅಂಟಿಸಿದ್ದ ಒಂದೇ ಕೋಣೆಗೆ ಓಡುತ್ತಿದ್ದೆವು. ವಿಷಾನಿಲ ಬರುತ್ತದೆ ಎಂದು ನಿಜಕ್ಕೂ ನಂಬಿದ್ದೆವು. ಊರಲ್ಲಿ ಅಮ್ಮ ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದರು.

ಆ ಆಯುಧಗಳು ಇವೆ ಎಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅದೇ ವರ್ಷ ಫೆಬ್ರುವರಿ 5ರಂದು ವಿಶ್ವಸಂಸ್ಥೆಯಲ್ಲಿ ಹೇಳಿದ್ದರು. ಇರಾಕ್‌ನಲ್ಲಿ ಆಯುಧ ಹುಡುಕುತ್ತಿದ್ದ ವಿಶ್ವಸಂಸ್ಥೆಯ ತಪಾಸಣೆ ತಂಡದ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್, ಇನ್ನೂ ಕೆಲವು ತಿಂಗಳು ಬೇಕು ಎಂದರು. ಕೊಡಲಿಲ್ಲ. 2004ರಲ್ಲಿ ಅಮೆರಿಕದ ತಂಡವೇ ಹುಡುಕಿ, ಅಂಥ ದಾಸ್ತಾನು ಇರಲಿಲ್ಲ ಎಂದಿತು.

ಎಣ್ಣೆ ಒಂದೇ ಕಾರಣ ಎಂದು ನಾನೂ ಹೇಳಲಾರೆ. 1988ರಲ್ಲಿ ಇರಾಕ್ ಆಳುತ್ತಿದ್ದ ಸದ್ದಾಂ ಹುಸೇನ್ ಪಡೆ ಅಲ್ಲಿನ ಕುರ್ದ್ ಜನರ ಊರು ಹಲಬ್ಜಾದಲ್ಲಿ ವಿಷಾನಿಲ ಬಿಟ್ಟಿದ್ದು ನಿಜ. ಆದರೆ ಎಲ್ಲರೂ ಒಪ್ಪಬಹುದಾದ ಕಾರಣವೆಂದು ಆಯುಧದ ಮಾತನ್ನು ಮುಂದಿಟ್ಟೆವು ಎಂದು ಅಮೆರಿಕದ ರಕ್ಷಣಾ ಇಲಾಖೆಯ ಪಾಲ್ ವೋಲ್ಫೊವಿಟ್ಜ್ ಅವರೇ ಸಂದರ್ಶನದಲ್ಲಿ ಹೇಳಿದ್ದರು. ಹಾಗಾದರೆ ಉಳಿದ ಕಾರಣಗಳನ್ನೂ ಅಷ್ಟೇ ಜೋರಾಗಿ ಜನರ ಮುಂದೆ ಇಡಬೇಕಿತ್ತು, ಅಲ್ವಾ?

ಎಲ್ಲ ಸರ್ಕಾರಗಳೂ ಹೀಗೇ, ಸುಮ್ನೆ ಬಿಡಿ ಎಂದು ಓದುಗರೊಬ್ಬರು ಬರೆದಿದ್ದಾರೆ. ಆ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ನನಗೆ ಬಿಡಲು ಆಗುತ್ತಿಲ್ಲ.

— ನಿವೃತ್ತ ಲಾರಿ ಚಾಲಕ, ಕುಂದಾಪುರ