ಮುಖ್ಯ ಕೋಚ್ ಆದ ಮಗನಿಗೆ ದೊಡ್ಡಪ್ಪನ ಪತ್ರ

ಸುಂಟಿಕೊಪ್ಪ, ಕೊಡಗು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್ ಫುಟ್ಬಾಲ್ ಲೀಗ್ ಆಡುವ ತಂಡವೊಂದಕ್ಕೆ ನೀನು ಮುಖ್ಯ ಕೋಚ್ ಆಗಿರುವ ಸುದ್ದಿಯನ್ನು ನಿನ್ನ ಅಪ್ಪನಿಂದ ಕೇಳಿ ಬಹಳ ಸಂತೋಷವಾಯಿತು. 1997ರಿಂದ ಕುಟುಂಬ ಕುಟುಂಬಗಳೇ ತಂಡ ಕಟ್ಟಿಕೊಂಡು ಹಾಕಿ ಹಬ್ಬ ನಡೆಸುವ ಈ ಜಿಲ್ಲೆಯಲ್ಲಿ ಫುಟ್ಬಾಲ್ ಹಿಡಿದವನನ್ನು ಕಂಡರೆ ಕೆಲವು ನೆಂಟರು ಈಗಲೂ ಹುಬ್ಬೇರಿಸುತ್ತಾರೆ. ಫುಟ್ಬಾಲ್ ಹುಚ್ಚಿನ ಸುಂಟಿಕೊಪ್ಪದವರಾದ ನಮಗೆ ಆ ಮುಜುಗರವಿಲ್ಲ.

ಆಟದ ತಂತ್ರದ ಬಗ್ಗೆ ನಿನಗೆ ಹೇಳಲು ನಾನು ಯಾರು? ಎಷ್ಟು ಜನ ಡಿಫೆಂಡರ್‌ಗಳನ್ನು ನಿಲ್ಲಿಸಬೇಕು ಎಂಬುದನ್ನು ನೀನೇ ಬಲ್ಲೆ. ಆದರೆ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿ ಆಯುಷ್ಯ ಕಳೆದವನಿಗೆ, ಹತ್ತಾರು ಜನರಿಂದ ಕೆಲಸ ಮಾಡಿಸಬೇಕಾದವನ ದಿನ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದು ಚೆನ್ನಾಗಿ ಗೊತ್ತು. ಮೈದಾನದ ಹೊರಗೆ ನಿನಗೆ ತೊಂದರೆಯಂತೆ ಕಾಣುವುದೇ ಹೆಚ್ಚಿನ ಸಲ ನಿನ್ನ ಕರ್ತವ್ಯವಾಗಿರುತ್ತದೆ. ಮರ್ಯಾದೆಯ ವೇಷದಲ್ಲಿ ಬರುವುದೇ ನಿನ್ನ ಹೊತ್ತನ್ನು ನುಂಗುತ್ತದೆ.

ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೂ ಒಬ್ಬ ಹುಡುಗ ಬೆಂಚಿನ ಮೇಲೆ ಕುಳಿತು ಬೂಟಿನ ಲೇಸನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ಇದ್ದರೆ, ಅವನಿಗೆ ನಿನ್ನ ಹತ್ತಿರ ಹೇಳಿಕೊಳ್ಳುವುದು ಏನೋ ಇದೆ ಎಂದು ತಿಳಿ. ಊರಿನಲ್ಲಿ ತಂದೆಗೆ ಕಾಯಿಲೆ ಇರಬಹುದು, ಸಂಬಳ ಬಾಕಿ ಇರಬಹುದು, ಮೊಣಕಾಲಿನ ನೋವನ್ನು ಫಿಸಿಯೋಗೂ ತಿಳಿಸದೆ ಮುಚ್ಚಿಟ್ಟಿರಬಹುದು. ನಿನಗೆ ಆಗ ಹಸಿವಾಗಿರುತ್ತದೆ, ಎದುರಾಳಿ ತಂಡದ ವಿಡಿಯೋ ನೋಡುವುದು ಬಾಕಿ ಇರುತ್ತದೆ. ಆದರೂ ಕುಳಿತುಕೋ. ಆ ವಿಡಿಯೋವನ್ನು ಸಹಾಯಕನೂ ನೋಡಿ ನಿನಗೆ ವರದಿ ಕೊಡಬಲ್ಲ, ಆದರೆ ಆ ಹುಡುಗ ನಿನ್ನ ಮುಂದೆ ಬಿಡುವ ಬಾಯನ್ನು ಸಹಾಯಕನ ಮುಂದೆ ಬಿಡಲಾರ. ಹಾಗೆಯೇ, ಹನ್ನೊಂದರ ಪಟ್ಟಿಯಿಂದ ಕೈಬಿಟ್ಟವನಿಗೆ ಆ ಮಾತನ್ನು ಎದುರಿಗೆ ಕೂರಿಸಿಕೊಂಡು ನೀನೇ ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ತನ್ನ ಹೆಸರು ಹುಡುಕಿ ಅವನು ತಿಳಿದುಕೊಳ್ಳುವಂತೆ ಆಗಬಾರದು.

ಇನ್ನು ಮರ್ಯಾದೆಯ ವೇಷದವು. ಕಳೆದ ಸಲ ನಿನ್ನ ಕೋಣೆಗೆ ಬಂದಿದ್ದಾಗ ನಾನು ಗಮನಿಸಿದೆ: ದೊಡ್ಡಮ್ಮ ಕಟ್ಟಿಕೊಟ್ಟಿದ್ದ ಅಕ್ಕಿ ರೊಟ್ಟಿ ತಟ್ಟೆಯಲ್ಲಿ ಒಣಗುತ್ತಿತ್ತು, ನೀನು ಎಡಗೈಯಲ್ಲಿ ಫೋನ್ ಹಿಡಿದು ಕ್ಲಬ್ಬಿನ ಪದಾಧಿಕಾರಿಯೊಬ್ಬರಿಗೆ ಸ್ಟ್ರೈಕರ್‌ನನ್ನು ಏಕೆ ಬದಲಿಸಿದೆ ಎಂದು ವಿವರಿಸುತ್ತಿದ್ದೆ. ಅವರು ಇಟ್ಟ ಮೇಲೆ ಪ್ರಾಯೋಜಕರು, ಆಮೇಲೆ ಯಾರದೋ ಏಜೆಂಟ್. ಎಲ್ಲರೂ ನಿನ್ನನ್ನು 'ಸರ್' ಎಂದೇ ಕರೆಯುತ್ತಿದ್ದರು, ಎಲ್ಲರಿಗೂ ಪಟ್ಟಿಯಲ್ಲಿ ಒಂದು ಹೆಸರು ಬೇಕಿತ್ತು. ಪದಾಧಿಕಾರಿಗಳಿಗೆ ಲೆಕ್ಕ ಒಪ್ಪಿಸುವುದು ನಿನ್ನ ಕೆಲಸವೇ, ಅದರಲ್ಲಿ ಬಿಗುಮಾನ ಬೇಡ. ಆದರೆ ವಾರಕ್ಕೊಂದು ದಿನ ನಿಗದಿಮಾಡಿ ಕ್ಲಬ್ಬಿನ ಕಚೇರಿಯಲ್ಲೇ ಕುಳಿತು ಒಪ್ಪಿಸು. ಹನ್ನೊಂದರ ಪಟ್ಟಿ ಮಾತ್ರ ಆಟಗಾರರಿಗಿಂತ ಮೊದಲು ಹೊರಗಿನ ಯಾರ ಕಣ್ಣಿಗೂ ಬೀಳದಿರಲಿ. ಒಮ್ಮೆ ಒಬ್ಬರ ಮಾತಿಗೆ ಒಂದು ಹೆಸರು ಸೇರಿಸಿದೆಯಾದರೆ ಮುಂದಿನ ವಾರ ಮೂವರು ಬಂದು ನಿಲ್ಲುತ್ತಾರೆ.

ಹೊರಗಿನ ಗದ್ದಲ ಎಂದರೇನು ಎಂದು ತಿಳಿಯಬೇಕಾದರೆ ಸೈಯದ್ ಅಬ್ದುಲ್ ರಹೀಮ್ ಅವರನ್ನು ನೆನೆ. ಹೈದರಾಬಾದಿನಲ್ಲಿ ಮೇಷ್ಟರಾಗಿದ್ದವರು, ಅಲ್ಲಿಯ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ಕಾಗದಪತ್ರದ ಕೆಲಸವನ್ನೂ ಹೊತ್ತುಕೊಂಡೇ ಭಾರತ ತಂಡವನ್ನು ಕಟ್ಟಿದವರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಿಂದ ಇಸ್ರೇಲ್ ಮತ್ತು ತೈವಾನ್‌ಗಳನ್ನು ಹೊರಗಿಟ್ಟದ್ದನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾಗಿದ್ದ ನಮ್ಮ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಅಲ್ಲಿಯ ಜನ ಭಾರತೀಯರ ಮೇಲೆ ಸಿಟ್ಟಿಗೆದ್ದು, ನಮ್ಮ ರಾಯಭಾರ ಕಚೇರಿಯ ಮೇಲೂ ದಾಳಿ ನಡೆದಿತ್ತು. ಫೈನಲ್‌ನಲ್ಲಿ ಇಡೀ ಕ್ರೀಡಾಂಗಣವೇ ನಮ್ಮವರ ವಿರುದ್ಧ ಕೂಗುತ್ತಿತ್ತು. ಸಾಲದ್ದಕ್ಕೆ ರಹೀಮ್ ಅವರನ್ನು ಕ್ಯಾನ್ಸರ್ ಹಣ್ಣು ಮಾಡಿತ್ತು. ಅವರ ಕೈಯಲ್ಲಿ ಉಳಿದಿದ್ದದ್ದು ಆ ಹನ್ನೊಂದರ ಪಟ್ಟಿ. ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಮುಂದಿನ ಸಾಲಿನಲ್ಲಿ ಆಡಿಸಿದರು. ಸೆಪ್ಟೆಂಬರ್ 4ರಂದು ದಕ್ಷಿಣ ಕೊರಿಯದ ವಿರುದ್ಧ ಪಿ.ಕೆ. ಬ್ಯಾನರ್ಜಿಯವರದು ಒಂದು ಗೋಲು, ಜರ್ನೈಲ್ ಅವರದು ಒಂದು. 2-1ರಿಂದ ಚಿನ್ನ ನಮ್ಮದಾಯಿತು. ಮರುವರ್ಷವೇ ರಹೀಮ್ ತೀರಿಕೊಂಡರು. ಅಂಥ ಮನುಷ್ಯನಿಗೆ ಹೋಲಿಸಿದರೆ ನಿನ್ನ ಫೋನಿನ ಕಾಟ ಎಷ್ಟರದು, ಹೇಳು.

ಎಲ್ಲವನ್ನೂ ತಾನೇ ಮಾಡುತ್ತೇನೆ ಎನ್ನುವ ಹಟ ನಮ್ಮ ಮನೆತನದ್ದು, ಅದು ನಿನಗೂ ಬಂದಿದೆ. ಫುಟ್ಬಾಲ್ ಕೋಚ್ ಅಲೆಕ್ಸ್ ಫರ್ಗ್ಯೂಸನ್ ಸಹ ಸ್ಕಾಟ್ಲೆಂಡಿನ ಅಬರ್ಡೀನ್ ಕ್ಲಬ್ಬಿನಲ್ಲಿದ್ದಾಗ ಹಾಗೆಯೇ ಇದ್ದರಂತೆ. ಎಲ್ಲ ಅಭ್ಯಾಸವನ್ನೂ ನೀವೇ ನಡೆಸಬೇಕಿಲ್ಲ ಎಂದು ಸಹಾಯಕ ಆರ್ಚಿ ನಾಕ್ಸ್ ಹೇಳಿದ ಮೇಲೆ ಬದಿಗೆ ನಿಂತು ನೋಡುವುದನ್ನು ಕಲಿತರು. 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ನಡೆಸಿದ್ದೂ ಹಾಗೆಯೇ. ಕೊಯ್ಲಿನ ಕಾಲದಲ್ಲಿ ಮ್ಯಾನೇಜರ್ ತಾನೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಕೊಯ್ಯಲು ನಿಂತರೆ, ಹಣ್ಣಿನ ಜೊತೆ ಹಸಿಕಾಯಿಯನ್ನೂ ಯಾರು ಎಳೆಯುತ್ತಿದ್ದಾರೆ ಎಂದು ನೋಡುವವರಾರು? ಬಸ್ಸು, ಊಟ, ಕಿಟ್, ನೋಂದಣಿಯ ಕಾಗದ ಇವುಗಳನ್ನು ತಂಡದ ಮ್ಯಾನೇಜರ್‌ಗೆ ಬಿಟ್ಟುಕೊಡು.

ಪತ್ರಕರ್ತರ ಎದುರು ಹೆಚ್ಚು ಮಾತು ಬೇಡ. ಸೋತ ಸಂಜೆ ರೆಫರಿಯ ಮೇಲೆ ಆಡಿದ ಮಾತು ಶಿಸ್ತು ಸಮಿತಿಯವರೆಗೂ ಹೋಗಬಹುದು. ಆಟಗಾರನ ಹೆಸರೆತ್ತಿ ದೂರಿದರಂತೂ ಅವನು ಮತ್ತೆ ನಿನ್ನವನಾಗುವುದಿಲ್ಲ. ಪಂದ್ಯದ ಫಲಿತಾಂಶದ ವಿಚಾರವಾಗಿ ಯಾರಾದರೂ ಸುತ್ತಿ ಬಳಸಿ ಹಣದ ಮಾತೆತ್ತಿದರೆ ಅಂದೇ ಕ್ಲಬ್ಬಿಗೂ ಫುಟ್ಬಾಲ್ ಸಂಸ್ಥೆಗೂ ಬರವಣಿಗೆಯಲ್ಲಿ ತಿಳಿಸು. ನಿರಾಕರಿಸಿ ಸುಮ್ಮನಿದ್ದರೆ ಸಾಲದು, ತಿಳಿಸದೆ ಇರುವುದೂ ಫಿಫಾ ನಿಯಮದ ಪ್ರಕಾರ ತಪ್ಪೇ.

ಸೊಸೆಗೂ ಮಗುವಿಗೂ ವಾರದಲ್ಲಿ ಒಂದು ದಿನವನ್ನು ಪೂರ್ತಿಯಾಗಿ ಕೊಡು. ಆ ದಿನ ಫೋನ್ ಸಹಾಯಕನ ಬಳಿ ಇರಲಿ.

ಹುತ್ತರಿ ಹಬ್ಬದ ಹೊತ್ತಿಗೆ ನಿನಗೆ ಸನ್ಮಾನ ಇಟ್ಟುಕೊಳ್ಳುತ್ತೇವೆ ಎಂದು ಇಲ್ಲಿಯ ಹುಡುಗರು ಮೊನ್ನೆ ಮನೆಗೆ ಬಂದಿದ್ದರು. ಲೀಗ್ ಮುಗಿಯುವವರೆಗೆ ದಿನಾಂಕ ಕೇಳಬೇಡಿ ಎಂದು ಹೇಳಿ ಕಳುಹಿಸಿದ್ದೇನೆ. ಅವರು ನಿನಗೇ ನೇರವಾಗಿ ಫೋನ್ ಮಾಡಿದರೆ, ದೊಡ್ಡಪ್ಪನನ್ನು ಕೇಳಿ ಎಂದುಬಿಡು; ಬೈಸಿಕೊಳ್ಳುವುದು ನನಗಿರಲಿ.

ಇತಿ,
ನಿನ್ನ ದೊಡ್ಡಪ್ಪ