ಶೇಂಗಾ ಹೊಲದಿಂದ ಬಂದ ಅಧ್ಯಕ್ಷ: ಮಗಳಿಗೊಂದು ಪತ್ರ

ಬಂಗಾರಿ,

ನೀನು ಹುಬ್ಬಳ್ಳಿಗೆ ಅಣ್ಣನ ಮನೆಗೆ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಫೋನ್ ಮಾಡಿದರೆ "ಆರಾಮ ಇದ್ದೀನಿ ಅವ್ವ" ಅಂತ ಅಷ್ಟೇ ಹೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯಲು ಕೂತೆ. ಫೋನಿನಲ್ಲಾದರೆ ನೀನು ಮಾತು ತಿರುಗಿಸುತ್ತೀಯ. ಕಾಗದವನ್ನಾದರೂ ಪೂರ್ತಿ ಓದುತ್ತೀಯ ಅಂತ ನಂಬಿದ್ದೇನೆ.

ಪಂಚಾಯ್ತಿ ಚುನಾವಣೆಯಲ್ಲಿ ನೀನು ಸೋತಿದ್ದು ಹದಿನೇಳು ಮತದಿಂದ. ಎಣಿಕೆ ಮುಗಿದು ನೀನು ಹೊರಗೆ ಬಂದಾಗ ನಿನ್ನ ಮುಖ ನೋಡಿದೆ. ಅಳಲಿಲ್ಲ, ಮಾತಾಡಲಿಲ್ಲ. ಹೊಲಿಗೆ ಯಂತ್ರದ ಗುರುತಿನ ಕರಪತ್ರಗಳು ಇನ್ನೂ ನಿನ್ನ ಚೀಲದಲ್ಲಿದ್ದವು. ನೀನು ಅವನ್ನು ತೆಗೆದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಟ್ಟು ಬಂದೆ. ಅವತ್ತಿಂದ ನನಗೆ ಒಬ್ಬರು ಮತ್ತೆ ಮತ್ತೆ ನೆನಪಾಗುತ್ತಿದ್ದಾರೆ. ಜಿಮ್ಮಿ ಕಾರ್ಟರ್. ಅಮೆರಿಕದ 39ನೇ ಅಧ್ಯಕ್ಷರು. ಪಂಚಾಯ್ತಿಯ ಒಂದು ಸೀಟಿಗೆ ಅಷ್ಟು ದೂರದವರ ಕಥೆ ಯಾಕವ್ವ ಅನ್ನಬೇಡ. ಅವರ ಹೆಸರು ನನಗೆ ಗೊತ್ತಾಗಿದ್ದು ನಾರುಹುಣ್ಣಿನಿಂದ.

ನಿನ್ನ ಆಯಿಯ ಬಲಗಾಲಿನ ಪಾದದ ಮೇಲೆ ಒಂದು ಕಲೆ ಇತ್ತಲ್ಲ, ಚಿಕ್ಕವಳಿದ್ದಾಗ ನೀನು ಬೆರಳಿಟ್ಟು ಮುಟ್ಟಿ ನೋಡುತ್ತಿದ್ದೆ. ಅದು ನಾರುಹುಳ ಹೊರಗೆ ಬಂದ ಜಾಗ. ನಮ್ಮೂರಿನ ಮೆಟ್ಟಿಲು ಬಾವಿಯಲ್ಲಿ ಎಲ್ಲರೂ ಕಾಲಿಳಿಸಿಯೇ ನೀರು ತುಂಬುತ್ತಿದ್ದರು. ಹುಣ್ಣಿದ್ದವರ ಕಾಲಿನಿಂದ ಹುಳದ ಮರಿಗಳು ನೀರಿಗೆ ಬೀಳುತ್ತಿದ್ದವು. ನೀರಿನಲ್ಲಿರುವ ಸೈಕ್ಲಾಪ್ಸ್ ಅನ್ನುವ ಕಣ್ಣಿಗೆ ಕಂಡೂ ಕಾಣದ ಜೀವಿ ಅವನ್ನು ತಿನ್ನುತ್ತಿತ್ತು. ಆ ನೀರು ಕುಡಿದರೆ ಮುಗಿಯಿತು. ಹೆಚ್ಚುಕಡಿಮೆ ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಲ್ಲಿ ಒಂದು ಬೊಬ್ಬೆ, ಬೆಂಕಿಯಂಥ ಉರಿ, ಬೊಬ್ಬೆ ಒಡೆದು ಬಿಳಿ ದಾರದಂಥ ಹುಳ. ಎರಡು ಮೂರು ಅಡಿ ಉದ್ದ. ಅದಕ್ಕೆ ಔಷಧಿ ಇಲ್ಲ, ಲಸಿಕೆ ಇಲ್ಲ. ಬೆಂಕಿಕಡ್ಡಿಗೆ ಅದರ ತುದಿ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯಬೇಕು. ಅವಸರ ಮಾಡಿದರೆ ಒಳಗೇ ಹರಿದು ಕಾಲೆಲ್ಲ ಕೀವಾಗುತ್ತದೆ. ಶೇಂಗಾ ಕೀಳುವ ಹೊತ್ತಿಗೆ ಮನೆಯ ದುಡಿಯುವ ಆಳು ವಾರಗಟ್ಟಲೆ ಮಂಚದ ಮೇಲೆ.

ನಾನು ನರ್ಸ್ ಆಗಿ ಸೇರಿದ ಹೊಸದರಲ್ಲಿ ನಮಗೆ ಇದೇ ಕೆಲಸ. ಮನೆಮನೆಗೆ ಹೋಗಿ ಯಾರಿಗೆ ಹುಣ್ಣಿದೆ ಅಂತ ಹುಡುಕುವುದು, ಬಟ್ಟೆ ಎರಡು ಮಡಿಕೆ ಮಾಡಿ ನೀರು ಸೋಸುವುದನ್ನು ತೋರಿಸುವುದು, ಬಾವಿಗೆ ಔಷಧಿ ಹಾಕಿಸುವುದು, ಮೆಟ್ಟಿಲು ಮುಚ್ಚಿಸಿ ಮೇಲಿಂದ ಹಗ್ಗದಲ್ಲಿ ಸೇದುವ ಹಾಗೆ ಮಾಡಿಸುವುದು. ನಮ್ಮ ದೇಶದಲ್ಲಿ ಈ ಕೆಲಸವನ್ನು ನಮ್ಮ ಸರ್ಕಾರದವರೇ ಮಾಡಿದರು, ನಮ್ಮಂಥ ಸಾವಿರಾರು ಜನ ಬಿಸಿಲಲ್ಲಿ ನಡೆದು ಮಾಡಿದರು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಸಿಕ್ಕಿದ್ದು. 2000ದಲ್ಲಿ ಭಾರತಕ್ಕೆ ಮುಕ್ತಿಯ ಸರ್ಟಿಫಿಕೇಟ್ ಬಂತು. ಆ ಹೊತ್ತಿಗೇ ಒಂದು ತರಬೇತಿಯಲ್ಲಿ ವೈದ್ಯರೊಬ್ಬರು ಹೇಳಿದ್ದರು, ಇದೇ ಕೆಲಸವನ್ನು ಆಫ್ರಿಕಾದ ಹಳ್ಳಿಗಳಲ್ಲಿ ಮಾಡಿಸುತ್ತಿರುವುದು ಅಮೆರಿಕದ ಮಾಜಿ ಅಧ್ಯಕ್ಷರು, ಚುನಾವಣೆಯಲ್ಲಿ ಸೋತು ಮನೆಗೆ ಹೋದವರು ಅಂತ. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅವತ್ತಿಂದ ಅವರ ಬಗ್ಗೆ ಏನು ಸಿಕ್ಕರೂ ಓದುತ್ತಾ ಬಂದೆ.

ಕಾರ್ಟರ್ ಹುಟ್ಟಿದ್ದು 1924ರ ಅಕ್ಟೋಬರ್ 1ಕ್ಕೆ, ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಅನ್ನುವ ಪುಟ್ಟ ಊರಿನಲ್ಲಿ. ನಮ್ಮ ಕೆಳಗಿನ ಓಣಿಯಷ್ಟು ಜನ ಇರುವ ಊರು ಅನ್ಕೋ. ಬೆಳೆದಿದ್ದು ಪಕ್ಕದ ಆರ್ಚರಿಯ ಹೊಲದ ಮನೆಯಲ್ಲಿ. ಕರೆಂಟಿಲ್ಲ, ನಲ್ಲಿ ಇಲ್ಲ. ಸುತ್ತಲೂ ಕೆಂಪು ಮಣ್ಣು, ಹತ್ತಿ, ಶೇಂಗಾ. ಹುಡುಗ ಶೇಂಗಾ ಕುದಿಸಿ ಪೊಟ್ಟಣ ಕಟ್ಟಿ ಪ್ಲೇನ್ಸ್ ಬೀದಿಯಲ್ಲಿ ಮಾರುತ್ತಿದ್ದ. ತಾಯಿ ಲಿಲಿಯನ್ ನರ್ಸ್. ಬಿಳಿಯರ ಮನೆಗೆ ಕರಿಯರು ಮುಂಬಾಗಿಲಿನಿಂದ ಹೋಗುವ ಹಾಗಿಲ್ಲದ ಆ ಕಾಲದಲ್ಲಿ ಆಕೆ ಕರಿಯರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದರು. ಆಕೆಯ ಒಂದು ವಿಷಯ ಹೇಳಲೇಬೇಕು. 68ನೇ ವಯಸ್ಸಿನಲ್ಲಿ ಪೀಸ್ ಕೋರ್ ಅನ್ನುವ ಅಮೆರಿಕ ಸರ್ಕಾರದ ಸ್ವಯಂಸೇವಕರ ದಳ ಸೇರಿ ಮುಂಬಯಿಯ ವಿಕ್ರೋಲಿಗೆ ಬಂದು ಎರಡು ವರ್ಷ ನರ್ಸ್ ಕೆಲಸ ಮಾಡಿದರು. ಅದನ್ನು ಓದಿದ ದಿನ ನನಗೆ ಎಷ್ಟು ಹಿಗ್ಗಾಯಿತು ಗೊತ್ತಾ?

ಮಗ ನೌಕಾಪಡೆಗೆ ಸೇರಿದ, 1946ರಲ್ಲಿ ಅದೇ ಊರಿನ ರೋಸಲಿನ್‌ಳನ್ನು ಮದುವೆಯಾದ, ಸಬ್‌ಮರಿನ್‌ನಲ್ಲಿ ಕೆಲಸ ಮಾಡಿದ. 1953ರಲ್ಲಿ ಅಪ್ಪ ತೀರಿಕೊಂಡಾಗ ಒಳ್ಳೆ ನೌಕರಿ ಬಿಟ್ಟು ಊರಿಗೆ ವಾಪಸ್ ಬಂದ. ರೋಸಲಿನ್‌ಗೆ ಅದು ಒಂಚೂರೂ ಇಷ್ಟವಿರಲಿಲ್ಲ. ಮೊದಲಿಗೆ ಇದ್ದಿದ್ದು ಸರ್ಕಾರಿ ಬಾಡಿಗೆ ಮನೆಯಲ್ಲಿ, ಮೊದಲ ವರ್ಷವೇ ಬರಗಾಲ. ಕರಿಯರ ಮಕ್ಕಳು ಬಿಳಿಯರ ಶಾಲೆಗೆ ಬರಬಾರದು ಅಂತ ಬಿಳಿಯರು ಸಂಘ ಕಟ್ಟಿಕೊಂಡಾಗ ಕಾರ್ಟರ್ ಅದಕ್ಕೆ ಸೇರಲ್ಲ ಅಂದರು. ಗಿರಾಕಿಗಳು ಕೆಲವು ದಿನ ಅವರ ಶೇಂಗಾ ಗೋದಾಮಿನ ಕಡೆ ಬರಲಿಲ್ಲ.

ಈಗ ಅವರ ಮೊದಲ ಚುನಾವಣೆಯ ಕಥೆ ಕೇಳು. 1962, ರಾಜ್ಯದ ಸೆನೆಟ್ ಸೀಟು, ಅಂದರೆ ರಾಜ್ಯದ ಶಾಸನಸಭೆಯ ಮೇಲ್ಮನೆ. ಕ್ವಿಟ್‌ಮನ್ ಅನ್ನುವ ಕೌಂಟಿಯಲ್ಲಿ, ಅಂದರೆ ನಮ್ಮ ತಾಲೂಕಿನಂಥ ಜಾಗದಲ್ಲಿ, ಒಬ್ಬ ಸ್ಥಳೀಯ ಮುಖಂಡ ಮತಗಟ್ಟೆಯಲ್ಲೇ ನಿಂತು, ಯಾರು ಯಾರಿಗೆ ಹಾಕುತ್ತಿದ್ದಾರೆ ಅಂತ ಎಲ್ಲರ ಮುಂದೆಯೇ ನೋಡುತ್ತಿದ್ದ. ಎಣಿಸಿದರೆ, ಮತ ಹಾಕಿದವರಿಗಿಂತ ಪೆಟ್ಟಿಗೆಯಲ್ಲಿದ್ದ ಚೀಟಿಗಳೇ ಜಾಸ್ತಿ. ಸತ್ತವರ ಹೆಸರಲ್ಲೂ ಮತ. ಕಾರ್ಟರ್ ಸೋತರು ಅಂತ ಘೋಷಣೆಯಾಯಿತು. ಅವರು ಬಿಡಲಿಲ್ಲ. ಕೋರ್ಟಿಗೆ ಹೋಗಿ, ಪೆಟ್ಟಿಗೆ ತೆಗೆಸಿ, ಸೀಟು ಗೆದ್ದರು. ನಿನ್ನದು ಹಾಗಲ್ಲ ಬಂಗಾರಿ. ನಿನ್ನ ಎಣಿಕೆ ನ್ಯಾಯವಾಗಿಯೇ ಆಯಿತು, ಎರಡು ಸಲ ಆಯಿತು, ನಾನೇ ಕಣ್ಣಾರೆ ನೋಡಿದ್ದೇನೆ. ಹೋರಾಡಬೇಕಾದ ಸೋಲು ಬೇರೆ, ಒಪ್ಪಿಕೊಳ್ಳಬೇಕಾದ ಸೋಲು ಬೇರೆ. ಅವರಿಗೆ ಎರಡೂ ಬಂದವು.

1966ರಲ್ಲಿ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಆಳುವವರು, ಆಗಲು ಹೋಗಿ ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು. ಕೊನೆಗೆ ಗವರ್ನರ್ ಆಗಿದ್ದು ಕರಿಯರನ್ನು ತನ್ನ ಹೋಟೆಲಿನೊಳಗೆ ಬಿಡದಿದ್ದ ಮನುಷ್ಯ. ಕಾರ್ಟರ್ ತುಂಬಾ ಕುಗ್ಗಿಹೋದರು, ದೇವರ ಮೇಲಿನ ನಂಬಿಕೆಯೂ ಅಲುಗಾಡಿತು. 1970ರಲ್ಲಿ ಮತ್ತೆ ನಿಂತರು, ಗೆದ್ದರು. ಆದರೆ ಆ ಗೆಲುವಿನಲ್ಲಿ ಒಂದು ಕೊರೆ ಇದೆ. ಆ ಸಲ ಅವರು ಕರಿಯರನ್ನು ದೂರವಿಡಬೇಕು ಅನ್ನುವ ಬಿಳಿಯರ ಮತಕ್ಕೂ ಗಾಳ ಹಾಕಿದರು. ಗೆದ್ದ ಮೇಲೆ, 1971ರ ಜನವರಿಯಲ್ಲಿ ಪ್ರಮಾಣ ತೆಗೆದುಕೊಂಡ ದಿನವೇ, ಜನಾಂಗಭೇದದ ಕಾಲ ಮುಗಿಯಿತು ಅಂತ ಎಲ್ಲರೆದುರು ಹೇಳಿದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಚಿತ್ರವನ್ನು ರಾಜ್ಯದ ಸಭಾಭವನದಲ್ಲಿ ಹಾಕಿಸಿದರು. ಹೇಳಿದ್ದು ದೊಡ್ಡ ಮಾತೇ. ಆದರೂ ಗೆಲ್ಲುವುದಕ್ಕೆ ಅವರು ನಡೆದ ದಾರಿ ನನಗೆ ಇಷ್ಟವಾಗಲಿಲ್ಲ. ನೀನು ತಾಂಡಾದವರ ಬಗ್ಗೆ ಒಂದು ಕೆಟ್ಟ ಮಾತಾಡಿದ್ದರೆ ಮೇಲಿನ ಓಣಿಯ ಇಪ್ಪತ್ತು ಮತ ಬರುತ್ತಿತ್ತು ಅಂತ ನಮಗಿಬ್ಬರಿಗೂ ಗೊತ್ತು. ನೀನು ಆಡಲಿಲ್ಲ.

1976ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ "ಯಾವ ಜಿಮ್ಮಿ?" ಅಂತ ಜನ ಕೇಳುತ್ತಿದ್ದರು. ವಾಟರ್‌ಗೇಟ್ ಹಗರಣದಿಂದ ಜನರಿಗೆ ರಾಜಕಾರಣಿಗಳ ಮೇಲೆ ನಂಬಿಕೆ ಹೋಗಿತ್ತು. ನಿಮಗೆ ಸುಳ್ಳು ಹೇಳುವುದಿಲ್ಲ ಅಂದ ಶೇಂಗಾ ರೈತನನ್ನು ಆರಿಸಿದರು. ಮುಂದಿನ ವರ್ಷ ಪ್ರಮಾಣ ಮುಗಿಸಿ, ಕಾರಿನಿಂದ ಇಳಿದು, ಹೆಂಡತಿ ಮಗಳ ಕೈ ಹಿಡಿದು ಶ್ವೇತಭವನದವರೆಗೆ ನಡೆದೇ ಹೋದರು.

ನಾಲ್ಕು ವರ್ಷದ ಅಧಿಕಾರದಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಒಂದೇ ಗಳಿಗೆ. 1978ರ ಸೆಪ್ಟೆಂಬರ್. ಈಜಿಪ್ಟಿನ ಸಾದತ್, ಇಸ್ರೇಲಿನ ಬೆಗಿನ್, ಇಬ್ಬರನ್ನೂ ಕ್ಯಾಂಪ್ ಡೇವಿಡ್ ಅನ್ನುವ ಕಾಡಿನ ಮನೆಗೆ ಕರೆದು 13 ದಿನ ಇಟ್ಟುಕೊಂಡರು. ಇಬ್ಬರೂ ಎದುರುಬದುರು ಕೂತರೆ ಜಗಳ. ಹಾಗಾಗಿ ಕಾರ್ಟರ್ ತಾವೇ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡುತ್ತಾ ಒಪ್ಪಂದದ ಕರಡನ್ನು ತಿದ್ದಿ ತಿದ್ದಿ ಬರೆದರು. ಕೊನೆಯ ದಿನ ಎಲ್ಲಾ ಮುರಿದುಬೀಳುವ ಹಾಗಿತ್ತು. ಬೆಗಿನ್ ಮೊಮ್ಮಕ್ಕಳಿಗೆ ಕೊಡಲು ಫೋಟೋಗಳಿಗೆ ಸಹಿ ಕೇಳಿದ್ದರು. ಕಾರ್ಟರ್ ಪ್ರತಿ ಫೋಟೋದ ಮೇಲೂ ಒಂದೊಂದು ಮೊಮ್ಮಗುವಿನ ಹೆಸರು ಬರೆದು, ಸಹಿ ಹಾಕಿ, ತಾವೇ ತೆಗೆದುಕೊಂಡು ಹೋಗಿ ಕೊಟ್ಟರು. ಬೆಗಿನ್ ಒಂದೊಂದೇ ಹೆಸರು ಓದುತ್ತಾ ಕಣ್ಣಲ್ಲಿ ನೀರು ತಂದುಕೊಂಡರು. ಅವತ್ತೇ ಒಪ್ಪಂದಕ್ಕೆ ಸಹಿ ಬಿತ್ತು. ಪ್ಯಾಲೆಸ್ಟೀನಿನ ಜನರಿಗೆ ಅದರಿಂದ ನ್ಯಾಯ ಸಿಗಲಿಲ್ಲ, ನಿಜ. ಆದರೆ ಮುಂದಿನ ವರ್ಷ ಶಾಂತಿ ಒಪ್ಪಂದವಾದ ಮೇಲೆ ಆ ಎರಡು ದೇಶಗಳು ಇವತ್ತಿನವರೆಗೂ ಒಂದರ ಮೇಲೊಂದು ಯುದ್ಧಕ್ಕೆ ಹೋಗಿಲ್ಲ.

ಮಿಕ್ಕಿದ್ದೆಲ್ಲ ಕಷ್ಟದ ಕಥೆ. ಪೆಟ್ರೋಲ್ ಬಂಕ್ ಮುಂದೆ ಸಾಲು, ಬೆಲೆ ಏರಿಕೆ, ಸಾಲದ ಬಡ್ಡಿ. 1979ರ ನವೆಂಬರ್ 4ಕ್ಕೆ ಇರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಗೆ ಜನ ನುಗ್ಗಿದರು. 52 ಮಂದಿ 444 ದಿನ ಒತ್ತೆಯಾಳು. ಬಿಡಿಸಲು ಕಳಿಸಿದ ಪಡೆ ಮರುಭೂಮಿಯಲ್ಲೇ ಕೆಟ್ಟು ಎಂಟು ಸೈನಿಕರು ಸತ್ತರು. ಅದರ ಹೊಣೆ ನನ್ನದು ಅಂತ ಕಾರ್ಟರ್ ಟಿವಿಯಲ್ಲಿ ಹೇಳಿದರು. 1980ರ ಚುನಾವಣೆಯಲ್ಲಿ ಗೆದ್ದಿದ್ದು ಆರು ರಾಜ್ಯ ಮತ್ತು ರಾಜಧಾನಿ, ಅಷ್ಟೇ. ಅಧಿಕಾರದ ಕೊನೆಯ ಎರಡು ರಾತ್ರಿ ನಿದ್ದೆಯಿಲ್ಲದೆ ಒತ್ತೆಯಾಳುಗಳ ಬಿಡುಗಡೆಗೆ ಮಾತುಕತೆ ನಡೆಸಿದರು. ಅವರನ್ನು ಹೊತ್ತ ವಿಮಾನ ಇರಾನ್ ಬಿಟ್ಟಿದ್ದು, ಅವರನ್ನು ಸೋಲಿಸಿದ ರೇಗನ್ ಹೊಸ ಅಧ್ಯಕ್ಷರಾಗಿ ಪ್ರಮಾಣ ತೆಗೆದುಕೊಂಡು ಕೆಲವೇ ನಿಮಿಷಕ್ಕೆ. ಹೆಸರು ಇನ್ನೊಬ್ಬರಿಗೆ ಹೋಯಿತು. ಕಾರ್ಟರ್ ಮರುದಿನ ಜರ್ಮನಿಗೆ ಹಾರಿ ಅವರನ್ನೆಲ್ಲ ಕಂಡು ಬಂದರು.

ಆಮೇಲೆ ಪ್ಲೇನ್ಸ್‌ಗೆ ವಾಪಸ್. 56 ವರ್ಷ ವಯಸ್ಸು. ಬೇರೆಯವರ ಕೈಗೆ ಕೊಟ್ಟಿದ್ದ ಶೇಂಗಾ ವ್ಯಾಪಾರ ಸುಮಾರು ಹತ್ತು ಲಕ್ಷ ಡಾಲರ್ ಸಾಲದಲ್ಲಿತ್ತು. ಅದನ್ನು ಮಾರಿದರು. 1961ರಲ್ಲಿ ಕಟ್ಟಿದ ಎರಡು ಮಲಗುವ ಕೋಣೆಯ ಹಳೇ ಮನೆಗೇ ಹೋದರು. ಗಂಡ ಹೆಂಡತಿ ಸೇರಿ ಅಟ್ಟಕ್ಕೆ ಹಲಗೆ ಹಾಕಿದರು. ರೋಸಲಿನ್‌ಗೆ ಸೋಲಿನ ಸಂಕಟ ಗಂಡನಿಗಿಂತ ಜಾಸ್ತಿ ಇತ್ತಂತೆ. ಸುಮ್ನೆ ಇರಲು ಆಗದ ಆ ದಿನಗಳನ್ನು ಓದುವಾಗ ನೀನು ಅಣ್ಣನ ಮನೆಯ ಬಾಲ್ಕನಿಯಲ್ಲಿ ಕೂತಿರುವುದು ಕಣ್ಣಿಗೆ ಬಂತು.

ಒಂದು ರಾತ್ರಿ ಕಾರ್ಟರ್ ನಿದ್ದೆಯಿಂದ ಎದ್ದು ಕೂತರಂತೆ. ಜಗಳವಾಡುವವರು ಬಂದು ಮಾತಾಡುವ ಒಂದು ಜಾಗ ಕಟ್ಟೋಣ ಅಂದರಂತೆ. ಹಾಗೆ 1982ರಲ್ಲಿ ಅಟ್ಲಾಂಟಾದಲ್ಲಿ ಕಾರ್ಟರ್ ಸೆಂಟರ್ ಶುರುವಾಯಿತು. 1986ರಿಂದ ನಾರುಹುಣ್ಣಿನ ಕೆಲಸ ಹಿಡಿದರು. ಆಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನಕ್ಕೆ ಅದು ಬರುತ್ತಿತ್ತು. 1988ರಲ್ಲಿ ಘಾನಾದ ಒಂದು ಹಳ್ಳಿಗೆ ಹೋದಾಗ ಒಬ್ಬ ಎಳೆ ಹೆಂಗಸು ಕೈಯಲ್ಲಿ ಕೂಸು ಹಿಡಿದುಕೊಂಡಿದ್ದಾಳೆ ಅಂತ ಹತ್ತಿರ ಹೋಗಿ ನೋಡಿದರೆ, ಅದು ಕೂಸಲ್ಲ. ಊದಿಕೊಂಡ ತನ್ನ ಎದೆಯನ್ನೇ ಹಿಡಿದು ನಿಂತಿದ್ದಳು, ಹುಳ ಅಲ್ಲಿಂದ ಹೊರಗೆ ಬರುತ್ತಿತ್ತು. ಇದನ್ನು ಓದಿ ನಾನು ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತೆ. ಅಂಥ ಕಾಲುಗಳನ್ನು ನನ್ನ ಕೈಯಲ್ಲಿ ಹಿಡಿದಿದ್ದೇನಲ್ಲ.

1995ರಲ್ಲಿ ಸುಡಾನಿನಲ್ಲಿ ಯುದ್ಧ ನಡೆಯುತ್ತಿತ್ತು. ಆರೋಗ್ಯದವರು ಹಳ್ಳಿಗೆ ಹೋಗಲು ಆಗುತ್ತಿರಲಿಲ್ಲ. ಕಾರ್ಟರ್ ಎರಡೂ ಕಡೆಯವರನ್ನು ಒಪ್ಪಿಸಿ ಯುದ್ಧ ನಿಲ್ಲಿಸಿದರು. ಹೆಚ್ಚುಕಡಿಮೆ ಆರು ತಿಂಗಳು. ನೀರು ಸೋಸುವ ಬಟ್ಟೆ ಹಂಚುವುದಕ್ಕೆ ಬಂದೂಕು ಕೆಳಗಿಡಿಸಿದರು ನೋಡು. ಅಧ್ಯಕ್ಷರಾಗಿದ್ದಾಗ ಮಾಡಿದ ಎಷ್ಟೋ ಕೆಲಸಕ್ಕಿಂತ ಇದು ನನಗೆ ದೊಡ್ಡದು. 2002ರಲ್ಲಿ ನೊಬೆಲ್ ಬಂತು. 2006ರಲ್ಲಿ, 82ನೇ ವಯಸ್ಸಿನಲ್ಲಿ, ಲೋಣಾವಳದ ಹತ್ತಿರದ ಹಳ್ಳಿಗೆ ಬಂದು ಬಡವರ ಮನೆ ಕಟ್ಟುವ ಕೆಲಸಕ್ಕೆ ಕೈ ಹಾಕಿದರು. 2015ರಲ್ಲಿ ಕ್ಯಾನ್ಸರ್ ಮೆದುಳಿಗೆ ಹರಡಿದೆ ಅಂತ ಪತ್ರಕರ್ತರಿಗೆ ತಾವೇ ಹೇಳುವಾಗ, ನಾನು ಸಾಯುವ ಮೊದಲು ಕೊನೆಯ ನಾರುಹುಳ ಸಾಯಬೇಕು ಅಂತ ಆಸೆಪಟ್ಟರು. ಅದೊಂದು ಆಗಲಿಲ್ಲ. ಆದರೆ ಕೊನೆಕೊನೆಗೆ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಹದಿನೈದು ಜನರ ಆಸುಪಾಸಿಗೆ ಬಂದಿತ್ತು. 77 ವರ್ಷ ಜೊತೆಗಿದ್ದ ರೋಸಲಿನ್ 2023ರ ನವೆಂಬರಿನಲ್ಲಿ ಹೋದರು. ಕಾರ್ಟರ್ 2024ರ ಡಿಸೆಂಬರ್ 29ಕ್ಕೆ, ನೂರು ತುಂಬಿದ ಮೇಲೆ, ಪ್ಲೇನ್ಸ್‌ನ ಅದೇ ಹಳೇ ಮನೆಯಲ್ಲಿ.

ಬಂಗಾರಿ, ತಾಂಡಾದ ನೀರಿನ ಟ್ಯಾಂಕಿನ ವಾಲ್ವ್ ಇನ್ನೂ ಸೋರುತ್ತಿದೆ. ಅದರ ಅರ್ಜಿ ನೀನೇ ಬರೆದದ್ದು, ನಕಲು ನಿನ್ನ ನೀಲಿ ನೋಟ್‌ಬುಕ್ಕಿನೊಳಗಿದೆ. ಮೂರು ಜನ ಮುದುಕಿಯರು ವಿಧವಾ ವೇತನ ನಿಂತಿದೆ ಅಂತ ಪಾಸ್‌ಬುಕ್ ಹಿಡಿದು ಎರಡು ಸಲ ಬಂದು ಹೋದರು. "ಅಕ್ಕ ಯಾವಾಗ ಬರ್ತಾಳೆ?" ಅಂತ ಕೇಳಿದರು. ನೀನು ಗೆದ್ದೆಯೋ ಸೋತೆಯೋ ಅಂತ ಒಬ್ಬರೂ ಕೇಳಲಿಲ್ಲ. ಬರುವ ಸೋಮವಾರ ಬರಲು ಹೇಳಿದ್ದೇನೆ. ಭಾನುವಾರ ಸಂಜೆ ಬಸ್ಸಿಗೆ ಬಂದರೆ ಸರಿಹೋಗುತ್ತದೆ. ಹೊಸ ಶೇಂಗಾ ಬಂದಿದೆ, ಹುರಿದು ಸಿಪ್ಪೆ ತೆಗೆದು ಇಟ್ಟಿದ್ದೇನೆ. ನೀನು ಬಂದ ಮೇಲೆ ಹೋಳಿಗೆ ಮಾಡೋಣ.

ನಿನ್ನ
ಅವ್ವ